ಕೋವಿ ಬೇಡ, ಬೇಟೆಗಾರನ ಕಣ್ಣು ಬೇಕು

2018ರ ಏಪ್ರಿಲ್ ಮೊದಲ ವಾರ. ಸ್ಪ್ರಿಂಕ್ಲರಿನ ಗೇಟ್‌ವಾಲ್ವ್ ತಿರುಗಿಸಲು ಬೆಳಿಗ್ಗೆ ಮೇಲಿನ ತಟ್ಟಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಎರಡು ವರ್ಷದ ಅಡಿಕೆ ಗಿಡಗಳ ಸುಳಿಯೇ ಇಲ್ಲ! ಎಣಿಸಿದೆ, ಮೂವತ್ತೆಂಟು. ಮಾರನೇ ದಿನ ಇಪ್ಪತ್ತೊಂದು. ಮೂರನೇ ದಿನ ಎಣಿಸುವ ಮನಸ್ಸೇ ಬರಲಿಲ್ಲ.

ಗುಂಡಿ ತೆಗೆದದ್ದು, ಸುಡುಮಣ್ಣು ಹಾಕಿದ್ದು, ಎರಡು ಬೇಸಿಗೆ ಸೋಗೆ ಕಟ್ಟಿ ಬಿಸಿಲು ತಪ್ಪಿಸಿದ್ದು ಎಲ್ಲ ಮೂರು ರಾತ್ರಿಯಲ್ಲಿ ಮುಗಿಯಿತು. ಬಂದದ್ದು ಕಡವೆ.

ನಮ್ಮ ಮುಂಡಾಜೆಯ ತೋಟಗಳಲ್ಲಿ ಇದು ಹೊಸತಲ್ಲ. ಚಾರ್ಮಾಡಿ ಘಟ್ಟದ ಬುಡ. ಕೆಳಗೆ ಮೃತ್ಯುಂಜಯ ಹೊಳೆ, ಮೇಲೆ ಕಾಡು, ನಡುವೆ ನಮ್ಮ ಅಡಿಕೆ. ಹಂದಿ, ಮಂಗ, ಕಾಟಿ, ಕೆಲವು ಸಲ ಆನೆ. ಒಬ್ಬೊಬ್ಬರಿಗೆ ಒಂದೊಂದು ಉಪದ್ರ. ಆದರೆ ಬೇಸಿಗೆಯ ಕೊನೆಗೆ ಬರುವ ಕಡವೆಯ ಉಪದ್ರದ ಬಗ್ಗೆ ನಾವು ಮಾತಾಡುವುದು ಕಡಿಮೆ. ಮಾತಾಡಿದರೂ "ಒಂದು ಈಡು ಸಾಕಿತ್ತು ಮಾರಾಯ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆ ವರ್ಷ ಅದೂ ಇರಲಿಲ್ಲ. ವಿಧಾನಸಭೆ ಚುನಾವಣೆ ಘೋಷಣೆಯಾಗಿ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಯಲ್ಲಿ ಇಡುವ ಹೊತ್ತು. ನನ್ನದೂ ಅಲ್ಲೇ ಇತ್ತು. ಇದ್ದಿದ್ದರೂ ಏನು? ಆ ಪರವಾನಗಿ ಕಡವೆ ಕೊಲ್ಲಲು ಕೊಟ್ಟದ್ದಲ್ಲ. ಇದು ನಮ್ಮಲ್ಲಿ ಅನೇಕರಿಗೆ ಇನ್ನೂ ಸ್ಪಷ್ಟ ಇಲ್ಲ.

ಕ್ಲಚ್ ವೈರಿನ ಸುರುಳಿ

ಸಂಬಂಧಿಕರೊಬ್ಬರು ಉಪಾಯ ಹೇಳಿದರು. "ಬೈಕಿನ ಹಳೇ ಕ್ಲಚ್ ವೈರ್ ತಾ. ಬೇಲಿಯ ಕಂಡಿಗೆ ಉರುಳು ಇಡು. ಯಾರಿಗೂ ಗೊತ್ತಾಗುವುದಿಲ್ಲ."

ಸುಳ್ಳು ಹೇಳುವುದಿಲ್ಲ, ನಾನು ವೈರ್ ತಂದೆ. ಇಡುವುದು ಹೇಗೆಂದು ಕೇಳಲು ತೋಡಿನಾಚೆಯ ಅಜ್ಜನ ಮನೆಗೆ ಹೋದೆ. ಆಗ ಅವರಿಗೆ ಎಂಬತ್ತರ ಹತ್ತಿರ ಪ್ರಾಯ. ಎಳೆ ಪ್ರಾಯದಲ್ಲಿ ಊರಿನ ದೊಡ್ಡ ಬೇಟೆಗಾರ. ಕೆಡ್ಡಸದ ಬೇಟೆಗೆ ಕಾಡಿನ ಯಾವ ಕಂಡಿಯಲ್ಲಿ ಯಾರು ಕೂರಬೇಕೆಂದು ಹೇಳುತ್ತಿದ್ದವರು ಅವರೇ.

ಈಗಿನ ಮಕ್ಕಳಿಗೆ ಕೆಡ್ಡಸ ಎಂದರೆ ನನ್ನೆರಿ ತಿನ್ನುವ ಹಬ್ಬ ಅಷ್ಟೆ. ತುಳುವರ ಪೊನ್ನಿ ತಿಂಗಳ ಕೊನೆ, ಫೆಬ್ರವರಿಯ ಎರಡನೇ ವಾರದ ಹೊತ್ತು, ಭೂಮಿತಾಯಿ ಮುಟ್ಟಾಗುವ ದಿನಗಳು. ಮಣ್ಣು ಅಗೆಯುವುದಿಲ್ಲ, ಹಸಿ ಕಡಿಯುವುದಿಲ್ಲ. ಬೇಸಾಯದ ಕೆಲಸ ಇಲ್ಲದ ಆ ದಿನಗಳಲ್ಲಿ ಹಿಂದೆ ಊರಿಗೆ ಊರೇ ಬೇಟೆಗೆ (ತುಳುವಿನ 'ಬೋಂಟೆ') ಹೊರಡುತ್ತಿತ್ತು. ಒಂದು ಗುಂಪು ಬೊಬ್ಬೆ ಹೊಡೆದು ಪ್ರಾಣಿ ಎಬ್ಬಿಸುವುದು, ಇನ್ನೊಂದು ಗುಂಪು ಕಂಡಿಗಳಲ್ಲಿ ಕಾದು ಕೂರುವುದು. ಹಾಗೆ ಕೂರುವ ಜಾಗಕ್ಕೆ ಘಟ್ಟದ ಮೇಲಿನವರು 'ಬಿಲ್ಲು' ಎನ್ನುತ್ತಾರೆ.

ಅಜ್ಜ ನನ್ನ ಕೈಯ ವೈರ್ ನೋಡಿದರು. ಬೈಯಲಿಲ್ಲ.

"ಅಣ್ಣೇರೆ, ಉರುಳಿಗೆ ಕಣ್ಣಿಲ್ಲ. ನಾನೊಮ್ಮೆ ಹಂದಿಗೆ ಅಂತ ಇಟ್ಟದ್ದು. ಬೆಳಿಗ್ಗೆ ನೋಡಿದ್ರೆ ನೆರೆಮನೆಯ ಕರಾವಿನ ದನ. ಆ ಮನೆಯಲ್ಲಿ ಮೂರು ಸಣ್ಣ ಮಕ್ಕಳು, ಬೇರೆ ಹಾಲಿಲ್ಲ. ಎರಡು ಮಳೆಗಾಲ ಅವರಿಗೆ ಬಿಟ್ಟಿ ಕೆಲಸ ಮಾಡಿ ತೀರಿಸಿದೆ. ದುಡ್ಡು ತೀರಿತು, ಅವರ ಮುಖ ನೋಡುವುದು ತೀರಲಿಲ್ಲ."

ವೈರನ್ನು ಅಲ್ಲೇ ಜಗಲಿಯ ಮೂಲೆಗೆ ಬಿಸಾಡಿದರು. ಮತ್ತೆ ದೊಣ್ಣೆ ಹಿಡಿದು ಎದ್ದರು. "ಬನ್ನಿ. ಮೊದಲು ಅದು ಎಲ್ಲಿಂದ ಬರ್ತದೆ ನೋಡುವ."

ಆ ದಿನ ಅಜ್ಜನ ಹಿಂದೆ ನಡೆದಾಗ ಗೊತ್ತಾದದ್ದನ್ನು ಹಂಚಿಕೊಳ್ಳಲೆಂದೇ ಈ ಲೇಖನ. ಬೇಟೆಗಾರನ ಬಂಡವಾಳ ಕೋವಿ ಅಲ್ಲ. ಸೀಸನ್ನಿನ ಕೊನೆಗೆ ಪ್ರಾಣಿ ಎಲ್ಲಿರುತ್ತದೆ, ಯಾಕೆ ಅಲ್ಲಿರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬ ತಿಳುವಳಿಕೆಯೇ ಅವನ ಬಂಡವಾಳ. ಅದೇ ತಿಳುವಳಿಕೆ ನಮಗೂ ಬೇಕು. ಅವನು ಆ ದಾರಿಯಲ್ಲಿ ಕಾದು ಕೂರುತ್ತಿದ್ದ, ನಾವು ಆ ದಾರಿಯನ್ನು ಮುಚ್ಚಬೇಕು.

ಮೊದಲು ಕಳ್ಳನನ್ನು ಗುರುತಿಸಿ

ಗಿಡ ಹೋಯಿತೆಂದ ಕೂಡಲೇ "ಹಂದಿ" ಎನ್ನುವುದು ನಮ್ಮ ಅಭ್ಯಾಸ. ಹಂದಿಗೆ ಮಾಡಿದ ಬೇಲಿಗೆ ಕಡವೆ ಹೆದರುವುದಿಲ್ಲ. ಅಜ್ಜ ತೋರಿಸಿದ ಗುರುತುಗಳು ಹೀಗೆ:

ಹೆಜ್ಜೆ: ಕಡವೆಯದ್ದು ಎರಡು ಗೊರಸು, ಮುಂದೆ ಚೂಪು, ಅಚ್ಚುಕಟ್ಟು. ಹಂದಿಯದ್ದು ಮೊಂಡು. ಹಂದಿಯ ಹೆಜ್ಜೆಯಲ್ಲಿ ಹಿಂದಿನ ಎರಡು ಸಣ್ಣ ಗೊರಸುಗಳ ಅಚ್ಚೂ ಅಗಲಕ್ಕೆ ಬೀಳುತ್ತದೆ. ಕಡವೆಯದ್ದು ಕೆಸರಿನಲ್ಲಿ ಹೂತಾಗ ಅಥವಾ ಓಡಿದಾಗ ಮಾತ್ರ ಕಾಣುತ್ತದೆ.

ಹಿಕ್ಕೆ: ಕಡವೆಯದ್ದು ಆಡಿನ ಹಿಕ್ಕೆಯ ಹಾಗೆ ಬಿಡಿಬಿಡಿ, ಆದರೆ ದೊಡ್ಡದು.

ಕಚ್ಚಿದ ಜಾಗ: ಕಡವೆ, ಕಾಡುಕುರಿಗಳಿಗೆ ಮೇಲಿನ ದವಡೆಯಲ್ಲಿ ಎದುರಿನ ಹಲ್ಲಿಲ್ಲ, ನಮ್ಮ ದನದ ಹಾಗೆ. ಆದ್ದರಿಂದ ಎಲೆ ಹರಿದ ಹಾಗೆ, ನಾರು ನಾರಾಗಿ ಇರುತ್ತದೆ. ಮೊಲ ತಿಂದರೆ ಕತ್ತಿಯಲ್ಲಿ ಓರೆಯಾಗಿ ಕೊಯ್ದ ಹಾಗೆ. ಗಿಡದ ಬುಡವನ್ನೇ ಕೆರೆದು ತಿಂದಿದ್ದರೆ ಮುಳ್ಳುಹಂದಿ ಎಂದು ತಿಳಿಯಿರಿ.

ಎತ್ತರ: ಸೊಂಟದಿಂದ ಕೆಳಗೆ ಮಾತ್ರ ತಿಂದಿದ್ದರೆ ಕಾಡುಕುರಿ. ನಮ್ಮ ಎದೆ, ತಲೆಯ ಎತ್ತರಕ್ಕೂ ಬಾಯಿ ಹಾಕಿದ್ದರೆ ಕಡವೆಯೇ. ಕಾಡುಕುರಿ ಇಪ್ಪತ್ತು-ಇಪ್ಪತ್ತೈದು ಕಿಲೋದ ಪ್ರಾಣಿ, ದೊಡ್ಡ ಗಂಡು ಕಡವೆ ಇನ್ನೂರು ಕಿಲೋ ದಾಟುತ್ತದೆ. ಇಬ್ಬರಿಗೂ ಒಂದೇ ಬೇಲಿ ಆಗುವುದಿಲ್ಲ.

ತಿನ್ನದೆ ಗಿಡ ಮುರಿದು, ತೊಗಟೆ ಸುಲಿದಿದ್ದರೆ ಅದು ಕೊಂಬು ಉಜ್ಜಿದ್ದು. ಕಡವೆಗೆ ಪ್ರತಿವರ್ಷ ಕೊಂಬು ಬಿದ್ದು ಹೊಸತು ಬರುತ್ತದೆ. ಹೊಸ ಕೊಂಬಿನ ಮೇಲಿನ ತೊಗಲು ಒಣಗಿದಾಗ ಎಳೆ ಮರಗಳಿಗೆ ತಿಕ್ಕಿ ಕಳಚುತ್ತದೆ.

ಬೇಸಿಗೆಯ ಕೊನೆಗೇ ಯಾಕೆ?

"ಮಳೆಗಾಲದಲ್ಲಿ ಕರೆದ್ರೂ ಬರುವುದಿಲ್ಲ. ಈಗ ಓಡಿಸಿದ್ರೂ ಹೋಗುವುದಿಲ್ಲ" ಎಂದರು ಅಜ್ಜ.

ಲೆಕ್ಕ ಸರಳ. ಮಳೆ ಬಿಟ್ಟ ಮೇಲೂ ಕೆಲವು ತಿಂಗಳು ಕಾಡಿನಲ್ಲಿ ಹಸಿರು ಉಂಟು. ಚಳಿಗಾಲಕ್ಕೆ ನೆಲ್ಲಿಕಾಯಿ ಬೀಳುತ್ತದೆ, ಜಿಂಕೆ ಜಾತಿಗೆಲ್ಲ ಅದು ಬಲು ಇಷ್ಟ. ನೆಲ್ಲಿ ಮುಗಿದು, ಹುಲ್ಲು ಒಣಗಿ, ಸಣ್ಣ ತೋಡುಗಳು ಬತ್ತಿದ ಮೇಲೆ ಘಟ್ಟದ ಬುಡದಲ್ಲಿ ಹಸಿರಾಗಿ ಉಳಿಯುವುದು ಒಂದೇ: ನಾವು ಸ್ಪ್ರಿಂಕ್ಲರ್ ಬಿಟ್ಟು ಬೆಳೆಸಿದ ತೋಟ. ನೀರು, ಎಳೆ ಹುಲ್ಲು, ಬಾಳೆಯ ಕಂದು, ಅಡಿಕೆಯ ಸುಳಿ, ಮೇಲಿಂದ ಬಿದ್ದ ಹಲಸು, ಮಾವು. ಮದುವೆ ಊಟ ಬಡಿಸಿಟ್ಟು ಬಾಗಿಲು ತೆರೆದ ಹಾಗೆ!

ಬೇಟೆಗಾರರ ಸೂತ್ರವೂ ಇದೇ. ಸೀಸನ್ನಿನ ಮೊದಲಿಗೆ ಪ್ರಾಣಿ ಎಲ್ಲಿ ಬೇಕಾದರೂ ಇರಬಹುದು, ಕೊನೆಗೆ ಮೇವು ಮತ್ತು ನೀರು ಇದ್ದಲ್ಲೇ ಇರುತ್ತದೆ. ಅದರ ಹೆಜ್ಜೆಯನ್ನೇ ಹಿಂಬಾಲಿಸಿ ಕಾಡು ಸುತ್ತಬೇಡ, ಕೊನೆಯ ಹಸಿರಿನ ಹತ್ತಿರ ಕೂರು. ಹಣ್ಣಿನ ಮರದ ಮೇಲೆ 'ಮರಸು' ಕೂರುತ್ತಿದ್ದದ್ದು ಈ ಲೆಕ್ಕದಲ್ಲೇ.

ಇದು ನಮ್ಮ ಊರಿನ ಪ್ರಾಣಿಯ ಸ್ವಭಾವ ಮಾತ್ರ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕಪ್ಪುಬಾಲದ ಜಿಂಕೆ ಎಂಬ ಜಾತಿ ಉಂಟು. ನಮ್ಮ ಘಟ್ಟದ ಹಾಗೆಯೇ ಮಳೆ ಹೊಯ್ಯುವ ದಟ್ಟ ಕಾಡು. ಅಲ್ಲಿ ಸರಕಾರಕ್ಕೆ ಹಣ ಕಟ್ಟಿ ಪರವಾನಗಿ ಪಡೆದು ಬೇಟೆಯಾಡುವ ಕ್ರಮ ಈಗಲೂ ಇದೆ. ನವೆಂಬರಿನ ಹೊತ್ತಿಗೆ, ಸೀಸನ್ನಿನ ಕೊನೆಗೆ ಅಲ್ಲಿಯ ಬೇಟೆಗಾರರೂ ನೋಡುವುದು ಇವನ್ನೇ: ಮೇವು ಎಲ್ಲಿ ಉಳಿದಿದೆ, ಗಾಳಿ ಎತ್ತ, ದಟ್ಟ ಪೊದೆಯಿಂದ ಹೊರಬರುವ ಕಂಡಿ ಯಾವುದು. ಅಲ್ಲಿಯ ತೋಟದವರಿಗೂ ಜಿಂಕೆಯ ಉಪದ್ರ ತಪ್ಪಿಲ್ಲ. ಬೇಟೆ ಇದ್ದ ದೇಶದಲ್ಲೂ ತೋಟ ಉಳಿಸಲು ಎಂಟು ಅಡಿ ಬೇಲಿ ಹಾಕಿ ಎಂದೇ ಹೇಳುತ್ತಾರೆ. ಕೋವಿಯೊಂದೇ ಪರಿಹಾರವಾಗಿದ್ದರೆ ಅಲ್ಲಿ ಬೇಲಿ ಯಾಕೆ ಬೇಕಿತ್ತು?

ಗಾಳಿಯ ಪಾಠ

ನನ್ನ ದೊಡ್ಡ ತಪ್ಪು ಗೊತ್ತಾದದ್ದು ಇಲ್ಲಿ. ಕಾಡು ಮೇಲೆ ಇರುವುದರಿಂದ ಮುಳ್ಳಿನ ಬೇಲಿ, ಡಬ್ಬದ ಗಂಟೆ, ಬೆದರುಬೊಂಬೆ ಎಲ್ಲ ಮೇಲಿನ ಬದಿಗೇ ಮಾಡಿದ್ದೆ. ಅಜ್ಜ ನಕ್ಕರು.

"ಹಗಲು ಗಾಳಿ ಕೆಳಗಿಂದ ಘಟ್ಟಕ್ಕೆ ಹತ್ತುತ್ತದೆ. ರಾತ್ರಿ ಘಟ್ಟದಿಂದ ಕೆಳಗೆ ಇಳಿಯುತ್ತದೆ. ಮೇಲಿಂದ ಸೀದಾ ಇಳಿದ್ರೆ ಗಾಳಿ ಅದರ ಬೆನ್ನಿಗೆ. ಮುಂದೆ ಎಂಥ ಉಂಟು ಅಂತ ಮೂಗಿಗೆ ಗೊತ್ತಾಗುವುದಿಲ್ಲ. ಪ್ರಾಯದ ಗಂಡು ಹಾಗೆ ಬರುವುದೇ ಇಲ್ಲ. ತೋಡಿನಲ್ಲಿ ಸುತ್ತು ಹಾಕಿ, ಕೆಳಗಿಂದ ಮೂಗು ಮೇಲೆ ಮಾಡಿ ಬರ್ತದೆ."

ಕೆಳಗಿನ ತೋಡಿಗೆ ಇಳಿದು ನೋಡಿದೆವು. ಮರಳಿನ ಮೇಲೆ ಅಚ್ಚು ಒತ್ತಿದ ಹಾಗೆ ಹೆಜ್ಜೆ! ನಾನು ಬೇಲಿ ಹಾಕಿದ್ದು ಅದು ಬಾರದ ಕಡೆಗೆ.

ಕಡವೆಯ ಕಣ್ಣಿಗಿಂತ ಕಿವಿ ಚುರುಕು, ಕಿವಿಗಿಂತ ಮೂಗು ಚುರುಕು. ಬೇಟೆಗಾರ ತನ್ನ ವಾಸನೆ ಅಡಗಿಸುತ್ತಾನೆ. ಕಾವಲಿನವನು ತನ್ನ ವಾಸನೆ ಹರಡಬೇಕು. ಆದ್ದರಿಂದ ರಾತ್ರಿ ಗಾಳಿ ಹೊರಡುವ ಮೇಲಿನ ತಟ್ಟಿನಲ್ಲಿ ಬೆವರಿನ ಅಂಗಿ, ಹಳೇ ಕಂಬಳಿ ನೇತು ಹಾಕಿದೆವು. ಹಳೇ ಬಾಣಲೆಯಲ್ಲಿ ಅಡಿಕೆ ಸಿಪ್ಪೆಯ ಹೊಗೆ ಹಾಕಿದೆವು. ಬೇಸಿಗೆಯಲ್ಲಿ ನೆಲದ ಮೇಲೆ ಮಾತ್ರ ಬೆಂಕಿ ಬೇಡ, ಕಾಡಿಗೆ ಹಿಡಿದರೆ ಮುಗಿಯಿತು. ವಾಸನೆ ತೋಟವಿಡೀ ಹರಿದು ತೋಡಿನ ತನಕ ಇಳಿಯುತ್ತದೆ.

ಇದಕ್ಕೂ ಒಂದು ಮಿತಿ ಉಂಟು. ಒಂದೇ ಜಾಗದಲ್ಲಿ ಒಂದೇ ವಾಸನೆ, ಒಂದೇ ಶಬ್ದ ಆದರೆ ಕೆಲವೇ ದಿನಗಳಲ್ಲಿ ಕಡವೆಗೆ ಅದು ಅಭ್ಯಾಸ. ಎರಡು ದಿನಕ್ಕೊಮ್ಮೆ ಜಾಗ ಬದಲಿಸಬೇಕು. ಜಿನುಗು ಮಳೆಯ ರಾತ್ರಿ ಹೆಚ್ಚು ಜಾಗ್ರತೆ: ಶಬ್ದ ಅಡಗುತ್ತದೆ, ವಾಸನೆ ತೊಳೆದು ಹೋಗುತ್ತದೆ, ಕಾವಲಿನವನಿಗೆ ನಿದ್ದೆಯೂ ಬರುತ್ತದೆ.

ನಾಯಿ ಒಳ್ಳೆಯದೇ. ಆದರೆ ಕಾಡಿಗೆ ಛೂ ಬಿಡಬೇಡಿ. ಪ್ರಾಣಿಗೂ ಕೇಡು, ನಮ್ಮ ನಾಯಿ ಚಿರತೆಯ ಬಾಯಿಗೆ ಬೀಳುವುದೂ ಉಂಟು.

ಕಂಡಿ ಮುಚ್ಚುವ ಕ್ರಮ

ಇಡೀ ತೋಟಕ್ಕೆ ಎಂಟು ಅಡಿ ಬೇಲಿ ನಮ್ಮಂಥ ಸಣ್ಣವರಿಗೆ ಆಗದ ಮಾತು. ಆದರೆ ಬೇಟೆಗಾರರು ಇಡೀ ಕಾಡಿಗೆ ಕೋವಿ ಇಡುತ್ತಿರಲಿಲ್ಲವಲ್ಲ! ಸರಿಯಾದ ನಾಲ್ಕು ಕಂಡಿ ಸಾಕಾಗುತ್ತಿತ್ತು. ನನ್ನ ತೋಟ ಸುತ್ತಿ ಸಿಕ್ಕಿದ್ದು ಮೂರು ಕಂಡಿ: ತೋಡು, ಬರೆ ಜರಿದು ಅಗಳು ತುಂಬಿದ ಒಂದು ಜಾಗ, ಮತ್ತೆ ಸೊಪ್ಪಿಗೆ ಹೋಗುವ ಕಾಲುದಾರಿ.

ಅಗಳನ್ನು ಮತ್ತೆ ತೋಡಿ, ತೆಗೆದ ಮಣ್ಣನ್ನು ಒಳಬದಿಗೆ ಏರಿಸಿ, ಅದರ ಮೇಲೆ ಬಿದಿರು ಕಂಬಕ್ಕೆ ಬಲೆ ಕಟ್ಟಿದೆವು. ಆಳ, ಬರೆ, ಬಲೆ ಸೇರಿ ಹೊರಗಿಂದ ನೋಡುವ ಪ್ರಾಣಿಗೆ ಎಂಟು ಅಡಿಗೂ ಹೆಚ್ಚು. ಹಿರಿಯರು ಅಗಳು ಮಾಡಿದ್ದು ಸುಮ್ಮನೆ ಅಲ್ಲ, ನಾವು ತುಂಬಲು ಬಿಟ್ಟೆವು.

ಕಾಲುದಾರಿಗೆ ಗೇಟು, ಅದರ ಎರಡೂ ಬದಿಗೆ ಹಳೇ ಸೀರೆ ಮತ್ತು ಹಸಿರು ಶೇಡ್‌ನೆಟ್. ಆಚೆ ಏನುಂಟೆಂದು ಕಾಣದಿದ್ದರೆ ಜಿಂಕೆ ಜಾತಿ ಹಾರಲು ಅಳುಕುತ್ತದೆ. ಇಲ್ಲಿ ಎತ್ತರಕ್ಕಿಂತ ಮರೆ ಮುಖ್ಯ.

ತೋಡಿಗೆ ಅಡ್ಡ ಕಟ್ಟಬಾರದು. ಮೇಲೊಂದು ಹಗ್ಗ ಎಳೆದು ಹಳೇ ಪ್ಲಾಸ್ಟಿಕ್ ಹಾಳೆ, ತಗಡಿನ ತುಂಡುಗಳನ್ನು ಪರದೆಯ ಹಾಗೆ ಇಳಿಬಿಟ್ಟೆವು. ಮೇ ಕೊನೆಗೆ ಮರೆಯದೆ ಬಿಚ್ಚಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಕಸ ಸಿಕ್ಕಿ ನೀರು ತೋಟಕ್ಕೇ ನುಗ್ಗುತ್ತದೆ.

ಅಜ್ಜ ಎರಡು ಮಾತು ಒತ್ತಿ ಹೇಳಿದರು. ಒಂದು, ಎಲ್ಲ ಕಂಡಿಗಳನ್ನೂ ಒಂದೇ ದಿನ ಮುಚ್ಚಬೇಕು. ಒಂದೊಂದಾಗಿ ಮುಚ್ಚಿದರೆ ನಾವೇ ಅದಕ್ಕೆ ಹೊಸ ದಾರಿ ಕಲಿಸಿದ ಹಾಗೆ. ಎರಡು, ಒಳಗೆ ಸಿಕ್ಕಿದ ಕಡವೆಗೆ ಹೊರಗೆ ಓಡಲು ಒಂದು ಬಾಗಿಲು ತೆರೆದು ಕೊಡಬೇಕು. ದಾರಿ ಕಾಣದೆ ಹೆದರಿದ ಇನ್ನೂರು ಕಿಲೋದ ಪ್ರಾಣಿ ತೋಟದೊಳಗೆ ಓಡಿದರೆ ತಿಂದದ್ದಕ್ಕಿಂತ ಮುರಿದದ್ದೇ ಹೆಚ್ಚು. ಎದುರು ನಿಂತವನಿಗೂ ಅಪಾಯ.

ಎಳೆ ಗಿಡಗಳಿಗೆ ಬೇರೆಯೇ ರಕ್ಷೆ: ಮೂರು ಗೂಟ, ಸುತ್ತ ಸೋಗೆ, ಸುಳಿಗೆ ಸಡಿಲವಾಗಿ ಹಾಳೆಯ ಟೊಪ್ಪಿ. ಖರ್ಚಿಲ್ಲ, ಬಿಸಿಲಿಗೂ ಆಯಿತು. ಬಿದ್ದ ಹಲಸು, ಮಾವನ್ನು ಸಂಜೆಯೊಳಗೆ ಹೆಕ್ಕಿ ದನಕ್ಕೆ ಹಾಕಿದೆವು. ಕಾಡಿನ ಅಂಚಿನ ಸಾಲಿಗೆ ಸಂಜೆ ಬಿಡುತ್ತಿದ್ದ ನೀರನ್ನು ಬೆಳಿಗ್ಗೆಗೆ ಬದಲಿಸಿದೆವು.

ಕರೆಂಟು ಮತ್ತು ಕಾಯಿದೆ

ಇದನ್ನು ನೇರವಾಗಿ ಹೇಳಬೇಕು. ಮನೆಯ 230 ವೋಲ್ಟಿನ ಕರೆಂಟನ್ನು ಬೇಲಿಗೆ ಕೊಡುವವರು ಇದ್ದಾರೆ. ಅದು ಬೇಲಿ ಅಲ್ಲ, ಕೊಲೆಯ ಸಾಧನ. ಹಾಗೆ ಆನೆಗಳು ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಬೆಳಿಗ್ಗೆ ಸೊಪ್ಪಿಗೆ ಹೋಗುವ ಹೆಂಗಸಿಗೆ ಆ ತಂತಿ ಕಾಣುವುದಿಲ್ಲ. ಸೋಲಾರ್ ಬೇಲಿ ಬೇರೆ. ಅದರ ಯಂತ್ರ ಬ್ಯಾಟರಿಯಿಂದ ಕ್ಷಣಕ್ಕೊಮ್ಮೆ ತೀರಾ ಸಣ್ಣ ಹೊಡೆತ ಕೊಡುತ್ತದೆ. ಪೆಟ್ಟು ಜೋರು, ಜೀವ ಹೋಗುವುದಿಲ್ಲ. ಯಂತ್ರ ಮಾತ್ರ ಬೇಲಿಗೆಂದೇ ಮಾಡಿದ್ದಾಗಿರಬೇಕು. ಸಹಾಯಧನ ಉಂಟೋ ಎಂದು ಆಯಾ ವರ್ಷ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಡವೆ, ಜಿಂಕೆ, ಕಾಡುಕುರಿ ಎಲ್ಲ ರಕ್ಷಿತ ಪ್ರಾಣಿಗಳು. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಉರುಳು ಇಡುವುದೂ ಬೇಟೆಯೇ. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ, ಜೈಲು ಬೇರೆ. ನೆರೆಯ ಕೇರಳದಲ್ಲಿ 2022ರಿಂದ ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಸಿಕ್ಕಿದ್ದು ನಿಜ. ಅದು ಹಂದಿಗೆ, ಅಲ್ಲಿಗೆ. ಆ ಸುದ್ದಿ ಕೇಳಿ ಇಲ್ಲಿ ಕಡವೆಗೆ ಕೈ ಹಾಕಿ ಕೋರ್ಟು ಅಲೆಯುವುದು ಬೇಡ.

ಬೆಳೆ ಹೋದರೆ ಪರಿಹಾರ ಕೇಳುವುದು ನಮ್ಮ ಹಕ್ಕು. ಹೆಜ್ಜೆ ಅಳಿಸುವ ಮೊದಲು, ಗಿಡ ಕೀಳುವ ಮೊದಲು ಫೋಟೋ ತೆಗೆಯಿರಿ. ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಸೇರಿಸಿ ವಲಯ ಕಚೇರಿಗೆ ಕೂಡಲೇ ಅರ್ಜಿ ಕೊಡಿ. ನನಗೂ ಸ್ವಲ್ಪ ಸಿಕ್ಕಿತು, ತಡವಾಗಿ. ಸಸಿಯ ಬೆಲೆ ಬಂತು, ಎರಡು ವರ್ಷ ಬರಲಿಲ್ಲ. ಆದರೂ ಅರ್ಜಿ ಕೊಡಬೇಕು. ಕೊಡದಿದ್ದರೆ ನಮ್ಮ ನಷ್ಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಈಗ ಹೇಗುಂಟು?

ಎಲ್ಲ ಸರಿಯಾಯಿತು ಎಂದರೆ ಸುಳ್ಳಾದೀತು. ಮಾರನೇ ವರ್ಷದ ಬೇಸಿಗೆಗೆ ಹೊಸದಾಗಿ ನೆಟ್ಟದ್ದರಲ್ಲಿ ಹನ್ನೊಂದು ಗಿಡ ಹೋಯಿತು. ಆ ವರ್ಷ ಒಂದು ವಾರ ಜಾಗ ಬದಲಿಸಲು ಉದಾಸೀನ ಮಾಡಿದ್ದೆ. ಕಾಡುಕುರಿ ಈಗಲೂ ನುಸುಳುತ್ತದೆ. ಹಂದಿಗೆ ಈ ಉಪಾಯ ಯಾವುದೂ ಪೂರ್ತಿ ಸಾಲದು. ಆದರೆ ಒಂದೇ ರಾತ್ರಿಗೆ ಮೂವತ್ತೆಂಟು ಗಿಡ ಹೋಗುವ ಕಾಲ ಮುಗಿದಿದೆ. ಅಂದು ಉಳಿದ ಗಿಡಗಳು ಈಗ ಫಸಲು ಕೊಡುತ್ತಿವೆ.

ಅಜ್ಜ ಈಗ ಇಲ್ಲ. ಊರಿನ ಯಾವ ಕಂಡಿಯಲ್ಲಿ ಯಾವ ತಿಂಗಳು ಯಾವ ಪ್ರಾಣಿ ಇಳಿಯುತ್ತದೆಂಬ ಲೆಕ್ಕ ಅವರ ತಲೆಯಲ್ಲಿತ್ತು, ಅದರಲ್ಲಿ ನನಗೆ ಸಿಕ್ಕಿದ್ದು ಮೂರು ಕಂಡಿಯಷ್ಟು. ನಿಮ್ಮ ಊರಿನಲ್ಲಿ ಅಂಥ ಹಿರಿಯರಿದ್ದರೆ ಈ ಬೇಸಿಗೆಗೇ ಕರೆದುಕೊಂಡು ತೋಟ ಸುತ್ತಿ. ಬೇಟೆಯ ಕಥೆ ಕೇಳಲು ಅಲ್ಲ, ದಾರಿ ಕೇಳಲು.

ನೆನಪಿಡಿ

* ಜನವರಿ ಕೊನೆಗೇ ತೋಟದ ಸುತ್ತು ನಡೆದು ಹೆಜ್ಜೆ, ಹಿಕ್ಕೆ, ಕಂಡಿ ನೋಡಿ. ಮಾರ್ಚಿಗೆ ಕಾಯಬೇಡಿ.
* ರಾತ್ರಿ ಹೊಗೆಯ ಕಡ್ಡಿ ಹಿಡಿದು ಗಾಳಿಯ ದಿಕ್ಕು ತಿಳಿಯಿರಿ.
* ಕಂಡಿಗಳನ್ನು ಒಂದೇ ದಿನ ಮುಚ್ಚಿ. ನೆರೆಯವರೊಂದಿಗೆ ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ನಿಮ್ಮ ಕಡವೆ ಅವರ ತೋಟಕ್ಕೆ.
* ಬೆದರಿಸುವ ವಸ್ತುವಿನ ಜಾಗ ಎರಡು ದಿನಕ್ಕೊಮ್ಮೆ ಬದಲಿಸಿ.
* ಉರುಳು, ಮನೆ ಕರೆಂಟು ಖಂಡಿತ ಬೇಡ.